ಅರ್ಧ ಮಿಲಿಮೀಟರಿನ ಮೇಲೆ ನಿಂತ ದೃಷ್ಟಿ

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು 2,200 ವರ್ಷಗಳಿಂದ ಅಳಿಯದೆ ಉಳಿದಿದೆ. ಅಂಥದೇ ಕಲ್ಲಿನಿಂದ ಸಿಡಿದ ಒಂದು ಚೂರಿಗೆ ಮನುಷ್ಯನ ದೃಷ್ಟಿ ಕಳೆಯಲು ಕ್ಷಣ ಸಾಕು. ಲಿಂಗಸುಗೂರಿನ ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಚೂರು, ಸಿಂಧನೂರಿನ ಗದ್ದೆಯ ಭತ್ತದ ಗರಿ, ರಾಶಿ ಮಾಡುವಾಗ ಹಾರುವ ಹೊಟ್ಟು, ಯಾವುದಾದರೂ ಮೊದಲು ಬಡಿಯುವುದು ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರಕ್ಕೆ, ಕಾರ್ನಿಯಾಕ್ಕೆ.

ಅದರ ಅಗಲ ಸುಮಾರು ಹನ್ನೊಂದೂವರೆ ಮಿಲಿಮೀಟರ್, ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಕಣ್ಣು ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಇಷ್ಟು ತೆಳುವಿನೊಳಗೆ 200ಕ್ಕೂ ಹೆಚ್ಚು ಎಳೆಹಾಳೆಗಳು ಅಚ್ಚುಕಟ್ಟಾಗಿ ಹಾಸಿಕೊಂಡಿವೆ. ಆ ಜೋಡಣೆ ಕೆಟ್ಟಲ್ಲಿ ಬೆಳಕು ಚದುರಿ ಬಿಳಿ ಕಲೆ ಕಾಣುತ್ತದೆ. ಊರಲ್ಲಿ ಅದಕ್ಕೇ ಕಣ್ಣಿಗೆ ಹೂವು ಬಿತ್ತು ಅನ್ನುವುದು. ತೀರಾ ಒಳಗಿನ ಪದರದಲ್ಲಿ ಲಕ್ಷಾಂತರ ಜೀವಕೋಶಗಳು ಒಂದೇ ಸಾಲಿನ ದಪ್ಪದಲ್ಲಿ ನಿಂತು ನೀರು ಹೊರಹಾಕುತ್ತ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ಗಾಯದಲ್ಲಿ ಸತ್ತವು ಮತ್ತೆ ಹುಟ್ಟುವುದಿಲ್ಲ.

ಸೀಳಿದ ಕಾರ್ನಿಯಾವನ್ನು ಹೊಲಿಯುವ ನೈಲಾನ್ ದಾರದ ದಪ್ಪ 20ರಿಂದ 29 ಮೈಕ್ರಾನ್, ತಲೆಗೂದಲಿನ ಅರ್ಧಕ್ಕಿಂತ ಕಡಿಮೆ. ಸೂಕ್ಷ್ಮದರ್ಶಕದ ಕೆಳಗೆ ವೈದ್ಯರು ಸೂಜಿಯನ್ನು ಆಳಕ್ಕೆ ಇಳಿಸಬೇಕು, ಆದರೆ ಆಚೆ ತೂರಿಸಬಾರದು. ಕೊನೆಗೆ ಉಳಿಯುವ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಹೊಲಿಗೆ ಮುಗಿದ ಮೇಲೆ ಕೇಸರಿ ಬಣ್ಣದ ಔಷಧ ಹಚ್ಚಿ ನೀಲಿ ಬೆಳಕು ಬಿಡುತ್ತಾರೆ. ಎಲ್ಲಾದರೂ ಒಳಗಿನ ನೀರು ಸೋರುತ್ತಿದ್ದರೆ ಅಲ್ಲಿ ಹಸಿರು ಗೆರೆ ಹರಿಯುತ್ತದೆ. ಅಲ್ಲಿಗೆ ಇನ್ನೊಂದು ಹೊಲಿಗೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲದ್ದರಿಂದ ಗಾಯ ಮಾಯುವುದು ನಿಧಾನ, ದಾರ ತಿಂಗಳುಗಟ್ಟಲೆ ಅಲ್ಲೇ ಇರಬೇಕು.

ಕಲೆ ನಡುವೆಯೇ ಉಳಿದರೆ ಕಸಿ ಮಾಡಬೇಕಾಗುತ್ತದೆ. 1905ರ ಡಿಸೆಂಬರ್ 7ರಂದು ಇಂದಿನ ಚೆಕ್ ದೇಶದ ಓಲೊಮೌಟ್ಸ್‌ನಲ್ಲಿ ಡಾ. ಎಡ್ವರ್ಡ್ ಜಿರ್ಮ್ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದರು. ದೃಷ್ಟಿ ಪಡೆದವನು ಸುಣ್ಣ ಬಿದ್ದು ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರ. ಕಾರ್ನಿಯಾ ಬಂದದ್ದು, ಗಾಯದಿಂದ ಕಣ್ಣನ್ನೇ ತೆಗೆಯಬೇಕಾಗಿ ಬಂದ 11 ವರ್ಷದ ಹುಡುಗನಿಂದ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಕಾರ್ನಿಯಾದ ಆ ಅರ್ಧ ಮಿಲಿಮೀಟರನ್ನೇ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿದರು. ಎರಡು ಕಣ್ಣು ನಾಲ್ವರಿಗೆ ಬೆಳಕು ಕೊಟ್ಟವು.

ಇಷ್ಟೆಲ್ಲ ಕೈಚಳಕ ಫಲಿಸುವುದು ಗಾಯವಾದ ಮೊದಲ ಕೆಲವು ಗಂಟೆಗಳಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಕಣ್ಣು ಉಜ್ಜಬೇಡಿ, ಸೆರಗಿನಿಂದ ಒರೆಸಬೇಡಿ, ಎದೆಹಾಲು, ಹರಳೆಣ್ಣೆ ಬಿಡಬೇಡಿ. ಸುಣ್ಣ ಬಿದ್ದರೆ ನಿಂತ ಜಾಗದಲ್ಲೇ ಧಾರಾಳವಾಗಿ ನೀರು ಹುಯ್ದು ತೊಳೆಯಿರಿ. ಏನಾದರೂ ಚುಚ್ಚಿದ್ದರೆ ಕೀಳದೆ, ಒತ್ತದೆ, ಕಣ್ಣಿಗೆ ತಾಗದಂತೆ ಮೇಲೆ ಕಪ್ ಕವುಚಿದ ಹಾಗೆ ಏನನ್ನಾದರೂ ಮರೆಯಿಟ್ಟು ಆಸ್ಪತ್ರೆಗೆ ಓಡಿ. ಭತ್ತದ ಗರಿಯ ಗೀರು ಸಣ್ಣದೆಂದು ಬಿಡಬೇಡಿ, ಶಿಲೀಂಧ್ರ ಆ ದಾರಿಯಲ್ಲೇ ಒಳಗೆ ಇಳಿಯುತ್ತದೆ. ಇನ್ನು ನೇತ್ರದಾನ: ಸಾವಾದ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕು, ಮನೆಯವರು ನೇತ್ರ ಬ್ಯಾಂಕಿಗೆ ಬೇಗ ಫೋನ್ ಮಾಡಬೇಕು. ನಿಮ್ಮ ಇಚ್ಛೆಯನ್ನು ಮನೆಯಲ್ಲಿ ಇವತ್ತೇ ಹೇಳಿಡಿ.