ದುರ್ಗದ ಹೂಬಯಲು, ದುರ್ಗದ ಕಡಲು

ಚಿತ್ರದುರ್ಗ ಸೀಮೆಯವರು ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಹೊಳಲ್ಕೆರೆಯಿಂದ ಹೊರಟರೂ ಅಷ್ಟೇ, ಹಿರಿಯೂರಿನಿಂದ ಹೊರಟರೂ ಅಷ್ಟೇ. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವ ಮಾತಲ್ಲ. ಹೀಗಾಗಿ ಇಲ್ಲಿನ ಕುಟುಂಬಗಳಿಗೆ ಭಾನುವಾರದ ಕಡಲೆಂದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರದ ಅಣೆಕಟ್ಟು. ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಡುವುದು, ದಾರಿಯಲ್ಲಿ ಸೂರ್ಯಕಾಂತಿ ಹೊಲ ಕಂಡರೆ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದು, ಕಣಿವೆ ಮಾರಮ್ಮನಿಗೆ ಕೈಮುಗಿದು, ನೀರು ಕಾಣುವ ಕಡೆ ಕೂತು ಉಂಡು, ಕತ್ತಲಾಗುವಷ್ಟರಲ್ಲಿ ಮರಳುವುದು. ಬಡವರ ಗೋವಾ ಎಂದು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಹೂವಿನ ವಿಷಯದಲ್ಲಾಗಲಿ ದಂಡೆಯ ವಿಷಯದಲ್ಲಾಗಲಿ ಈ ಒಣ ಸೀಮೆಗೆ ತಲೆ ತಗ್ಗಿಸುವ ಕಾರಣವಿಲ್ಲ. ಯಾವಾಗ ಹೋಗಬೇಕು, ಎಲ್ಲಿ ಕಣ್ಣಿಡಬೇಕು ಎಂಬುದು ಗೊತ್ತಿದ್ದರೆ ಸಾಕು.

ಕಾಲದ ಮಾತು ಮೊದಲು. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟುತ್ತದೆ; ನಮ್ಮ ಜಿಲ್ಲೆಯಲ್ಲಿ 600ರ ಆಚೀಚೆ. ಘಟ್ಟ ಏರುವಾಗಲೇ ಮೋಡ ಬಸಿದುಹೋಗಿರುತ್ತದೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಪಾಲಿಗೆ ಬರುವುದು ಹೆಚ್ಚಾಗಿ ಗಾಳಿ. ಜೋಗಿಮಟ್ಟಿಯ ಸುತ್ತ ಗಾಳಿಯಂತ್ರಗಳು ನಿಂತಿರುವುದು ಅದನ್ನು ನೆಚ್ಚಿಯೇ. ನೆಲ ತೊಯ್ಯುವ ಮಳೆ ಬರುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಹೂವಿಗಾಗಿ ಹೊರಡುವವರು ಬೇಸಿಗೆ ರಜೆಯನ್ನು ಮರೆತು ದಸರಾ ರಜೆಯನ್ನು ಹಿಡಿಯಬೇಕು.

ಬೇಸಿಗೆಯಲ್ಲಿ ಈ ಹೂಗಳೆಲ್ಲ ಎಲ್ಲಿದ್ದವು? ಕಾಲಡಿಯಲ್ಲೇ. ಒಣ ಸೀಮೆಯ ಪುಟ್ಟ ಗಿಡಗಳು ಬದುಕಿನ ಬಹುಪಾಲನ್ನು ಬೀಜವಾಗಿ ಮಣ್ಣಿನಲ್ಲೇ ಕಳೆಯುತ್ತವೆ. ಇಂಥ ಬೀಜಕ್ಕೆ ಇರುವ ದೊಡ್ಡ ಅಪಾಯ ಬರವಲ್ಲ, ಮೋಸದ ಮಳೆ. ಏಪ್ರಿಲಿನಲ್ಲಿ ಒಂದು ಗುಡುಗು ಮಳೆ ಬಿತ್ತೆಂದು ಮೊಳೆತರೆ ಮುಂದಿನ ವಾರದ ಬಿಸಿಲಿಗೆ ಸಸಿ ಸುಟ್ಟುಹೋಗುತ್ತದೆ. ಅದಕ್ಕೇ ಹಲವು ಬೀಜಗಳ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿರುತ್ತವೆ. ಸಣ್ಣ ಮಳೆಗೆ ಅವು ಜಗ್ಗುವುದಿಲ್ಲ. ಮಣ್ಣು ಚೆನ್ನಾಗಿ ನೆನೆದು ಅವು ತೊಳೆದುಹೋದ ಮೇಲಷ್ಟೇ ಬೀಜ ಕಣ್ಣು ಬಿಡುತ್ತದೆ. ತಂಗಡಿಯಂಥ ದ್ವಿದಳ ಜಾತಿಯ ಗಿಡಗಳದು ಇನ್ನೊಂದು ಉಪಾಯ: ಬೀಜದ ಹೊದಿಕೆ ಎಷ್ಟು ಗಟ್ಟಿಯೆಂದರೆ ನೀರೇ ಒಳಗಿಳಿಯದು. ಬಿಸಿಲು, ಚಳಿ, ಉಜ್ಜಾಟಗಳಿಗೆ ಸಿಕ್ಕಿ ಅದು ಬಿರುಕು ಬಿಡಬೇಕು. ಒಂದೇ ಗಿಡದ ಬೀಜಗಳು ಒಂದೇ ವರ್ಷ ಮೊಳೆಯುವುದೂ ಇಲ್ಲ. ಕೆಲವು ಈ ಸಲ, ಕೆಲವು ಮುಂದಿನ ಸಲ, ಕೆಲವು ಅದರಾಚೆ. ಒಂದು ಬರಗಾಲಕ್ಕೆ ಇಡೀ ವಂಶ ಅಳಿಯದಂತೆ ಮಾಡಿಕೊಂಡ ಏರ್ಪಾಡು ಇದು.

ತಂಗಡಿ ಎಂದೆನಲ್ಲ, ಕೆಲವು ಕಡೆ ಆವರಿಕೆ ಎನ್ನುತ್ತಾರೆ. ಹಿರಿಯೂರು, ಹೊಸದುರ್ಗದ ರಸ್ತೆ ಬದಿಯಲ್ಲಿ ಹಳದಿಗೆ ಹಳದಿಯಾಗಿ ನಿಲ್ಲುವ ಪೊದೆ. ಹಿಂದೆ ಚರ್ಮ ಹದ ಮಾಡುವವರು ಇದರ ತೊಗಟೆಗೆ ಬೆಲೆ ಕೊಡುತ್ತಿದ್ದರು. ತೆಲಂಗಾಣ ಇದನ್ನೇ ತನ್ನ ನಾಡಹೂವಾಗಿ ಆರಿಸಿಕೊಂಡಿದೆ. ನಾವು ಬೇಲಿ ಬದಿಯ ಗಿಡವೆಂದು ತಿರುಗಿಯೂ ನೋಡುವುದಿಲ್ಲ. ಬೆಳಗಿನ ಹೊತ್ತು ಇದರ ಪಕ್ಕ ಮಕ್ಕಳನ್ನು ಸದ್ದಿಲ್ಲದೆ ನಿಲ್ಲಿಸಿ. ತೊಲೆ ಕೊರೆಯುವ ದಪ್ಪ ಕಪ್ಪು ದುಂಬಿ ಹಾರಿ ಬಂದಾಗ ಒಂದು ಸದ್ದು, ಹೂವನ್ನು ಅಪ್ಪಿ ಹಿಡಿದ ಕೂಡಲೇ ಅದಕ್ಕಿಂತ ಏರಿದ ಇನ್ನೊಂದು ಸದ್ದು. ತಂಗಡಿಯಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಅದೂ ಕೈಗೆ ಸುಲಭವಾಗಿ ಸಿಗುವಂತಿಲ್ಲ: ಕೇಸರದ ಚೀಲ ಉದ್ದಕ್ಕೆ ಬಿರಿಯುವ ಬದಲು ತುದಿಯಲ್ಲಿ ಸಣ್ಣ ರಂಧ್ರವಷ್ಟೇ ತೆರೆಯುತ್ತದೆ. ದುಂಬಿ ರೆಕ್ಕೆಯನ್ನು ಮಡಿಸಿಟ್ಟು, ಹಾರಾಟದ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದೆ. ಆ ನಡುಕಕ್ಕೆ ಪರಾಗ ರಂಧ್ರದಿಂದ ಚಿಮ್ಮುತ್ತದೆ. ಜೇನುನೊಣಗಳಿಗೆ ಈ ವಿದ್ಯೆ ಬಾರದು.

ಇನ್ನೂ ಹತ್ತಿರದಿಂದ ನೋಡಿದರೆ ಒಂದೇ ಹೂವಿನಲ್ಲಿ ಗಿಡ್ಡ ಕೇಸರ, ಉದ್ದ ಕೇಸರ ಎರಡೂ ಕಾಣುತ್ತವೆ. ಗಿಡ್ಡವು ದುಂಬಿಗೆ ಊಟ ಬಡಿಸುತ್ತವೆ. ಅದು ಉಣ್ಣುತ್ತಿರುವಾಗ ಉದ್ದನೆಯವು ಅದರ ಮೈಗೆ ಪರಾಗ ಮೆತ್ತಿ ಮುಂದಿನ ಹೂವಿಗೆ ಕಳಿಸುತ್ತವೆ. ಶಲಾಕೆ ಒಂದು ಹೂವಿನಲ್ಲಿ ಎಡಕ್ಕೆ ಬಾಗಿದ್ದರೆ ಇನ್ನೊಂದರಲ್ಲಿ ಬಲಕ್ಕೆ. ಎಡದ್ದೆಷ್ಟು ಬಲದ್ದೆಷ್ಟು ಎಂದು ಮಕ್ಕಳಿಗೆ ಎಣಿಸಲು ಹೇಳಿದರೆ ದೊಡ್ಡವರಿಗೆ ಅರ್ಧ ಗಂಟೆ ಬಿಡುವು ಸಿಗುತ್ತದೆ.

ರಾಗಿ, ಶೇಂಗಾ ಹೊಲಗಳ ಬದುವಿನಲ್ಲಿ ಈ ಕಾಲಕ್ಕೆ ಅಣ್ಣೆ ಹೂ ತುಂಬಿಕೊಳ್ಳುತ್ತದೆ. ಬುಡ ಬಿಳಿ, ತುದಿ ಗುಲಾಬಿ ಬಣ್ಣದ ತೆನೆಗಳು ಗಾಳಿಗೆ ಒಟ್ಟಿಗೆ ಬಾಗುವುದನ್ನು ನೋಡಿ ಪೇಟೆಯಿಂದ ಬಂದವರು ಮರುಳಾಗುತ್ತಾರೆ. ಹೊಲದವರಿಗೆ ಅದು ಕಳೆ. "ಚಂದ ಐತೆ ಅಂತೀರಲ್ಲಣ್ಣ, ಒಂದು ಸಾಲು ಕಿತ್ತುಕೊಟ್ಟು ಹೋಗ್ರಿ" ಎಂದು ಹೊಸದುರ್ಗದ ಕಡೆಯ ರೈತರೊಬ್ಬರು ನಗುತ್ತಲೇ ಹೇಳಿದ್ದರು. ನೆಲಕ್ಕೆ ಅಂಟಿಕೊಂಡ ವಿಷ್ಣುಕ್ರಾಂತಿಯ ನೀಲಿ ಹೂ ನೋಡಬೇಕೆಂದರೆ ಬೇಗ ಹೊರಡಬೇಕು. ಬೆಳಿಗ್ಗೆ ಅರಳಿ, ಬಿಸಿಲು ಬಲಿತ ಮೇಲೆ ಮುಚ್ಚಿಕೊಳ್ಳುವ ಹೂವದು.

ಗೌರಿ ಹಬ್ಬದ ಹೊತ್ತಿಗೆ ಬೇಲಿ, ಕುರುಚಲಿನಲ್ಲಿ ಎದ್ದು ಕಾಣುವ ಗೌರಿ ಹೂವಿನ ಬಗ್ಗೆ ಒಂದು ಎಚ್ಚರಿಕೆ. ಎಸಳುಗಳು ಹಿಂದಕ್ಕೆ ಮಡಿಸಿ ಬೆಂಕಿಯ ನಾಲಗೆಯಂತೆ ಮೇಲೇಳುತ್ತವೆ. ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ ತಿರುಗುತ್ತದೆ. ಎಲೆಯ ತುದಿಯೇ ಬಳ್ಳಿಗೆ ಕೊಕ್ಕೆಯಾಗುತ್ತದೆ. ಇಷ್ಟೆಲ್ಲ ಚೆಲುವಿನ ಗಿಡದ ಗಡ್ಡೆಯಿಂದ ಬೀಜದವರೆಗೆ ಕಾಲ್ಚಿಸಿನ್ ಎಂಬ ವಿಷ ತುಂಬಿದೆ. ಅಳೆದು ಕೊಟ್ಟರೆ ಅದೇ ಕೀಲುವಾಯುವಿಗೆ ಔಷಧ. ಮಕ್ಕಳು ಗಡ್ಡೆ ಅಗೆದು ಬಾಯಿಗಿಟ್ಟರೆ ಮಾತ್ರ ಪ್ರಾಣಕ್ಕೇ ಕುತ್ತು. ನೋಡಿ, ಮುಟ್ಟಬೇಡಿ.

ಫೋಟೊಗಳಲ್ಲಿ ಹೆಚ್ಚು ಬೀಳುವ ಬಿಳಿಹೂವಿನ ಬಯಲು ಬಹಳ ಸಲ ಕಾಂಗ್ರೆಸ್ ಗಿಡದ್ದಾಗಿರುತ್ತದೆ. ಅಮೆರಿಕ ಖಂಡದಿಂದ ಬಂದ ಕಳೆ ಅದು. ಮೈಗೆ ತಾಗಿದರೆ ತುರಿಕೆ, ಮೂಗಿಗೆ ಹೋದರೆ ಉಬ್ಬಸ. ಅದರ ನಡುವೆ ಮಗುವನ್ನು ಕೂರಿಸಿ ಚಿತ್ರ ತೆಗೆಯುವವರನ್ನು ಕಂಡಾಗ ಹೇಳದೆ ಇರಲಾರೆ. ಸೂರ್ಯಕಾಂತಿಯೂ ಕಾಡುಹೂವಲ್ಲ, ಒಬ್ಬರ ಬೆಳೆ. ಕೇಳಿ ಇಳಿಯಬೇಕು, ಸಾಲಿನ ನಡುವೆಯೇ ನಡೆಯಬೇಕು. ಎಳೆಯ ಗಿಡ ಹಗಲೆಲ್ಲ ಸೂರ್ಯನತ್ತ ತಿರುಗುತ್ತದೆ, ರಾತ್ರಿ ಮತ್ತೆ ಪೂರ್ವಕ್ಕೆ ಬರುತ್ತದೆ. ಕಾಂಡದ ಪೂರ್ವ ಮಗ್ಗುಲು ಹಗಲಲ್ಲಿ, ಪಶ್ಚಿಮ ಮಗ್ಗುಲು ರಾತ್ರಿಯಲ್ಲಿ ಹೆಚ್ಚು ಬೆಳೆಯುವುದರಿಂದ ಆಗುವ ಆಟ ಇದು. ಅರಳಿ ಬಲಿತ ಹೂ ಮಾತ್ರ ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಹೀಗೇಕೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಪೂರ್ವಕ್ಕೆ ಮುಖವಿದ್ದ ಹೂ ಬೆಳಿಗ್ಗೆ ಬೇಗ ಬಿಸಿಯಾಗುತ್ತದೆ, ಕುಂಡ ಹೊರಳಿಸಿ ಪಶ್ಚಿಮಕ್ಕೆ ತಿರುಗಿಸಿಟ್ಟ ಹೂವಿಗಿಂತ ಸುಮಾರು ಐದು ಪಟ್ಟು ಹೆಚ್ಚು ದುಂಬಿಗಳು ಅದಕ್ಕೆ ಬರುತ್ತವೆ. ಮಾರಿಕಣಿವೆಯಿಂದ ಸಂಜೆ ಮರಳುವಾಗ ಫೋಟೊ ತೆಗೆಯುತ್ತೇವೆಂದು ಮುಂದೂಡಿದರೆ ಹೂವಿನ ಮುಖ ನೆರಳಲ್ಲಿರುತ್ತದೆ.

ಹೂಬಯಲೆಂದರೆ ಎಲ್ಲರಿಗೂ ನೆನಪಾಗುವುದು ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ. ಜನ ತುಳಿದು ಹಾಳಾಗತೊಡಗಿದಾಗ ಅಲ್ಲಿ ದಿನಕ್ಕೆ ಇಷ್ಟೇ ಮಂದಿ ಎಂದು ಮಿತಿ ಹಾಕಬೇಕಾಯಿತು. ನಮ್ಮಲ್ಲಿ ಅಂಥ ಜಾಗವೆಂದರೆ ಕಾವಲುಗಳು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಮಳೆಗಾಲ ಮುಗಿಯುವಾಗ ಹುಲ್ಲಿನ ನಡುವೆ ಅಲ್ಲಿ ಅರಳುವುದನ್ನು ಯಾವ ತೋಟಗಾರಿಕೆ ಇಲಾಖೆಯೂ ನೆಟ್ಟದ್ದಲ್ಲ. ಹದವಾಗಿ ದನ ಮೇಯ್ದರೆ ಹುಲ್ಲು ತಗ್ಗಿ, ನೆಲಕ್ಕೆ ಬೆಳಕು ಸಿಕ್ಕಿ ಸಣ್ಣ ಹೂಗಿಡಗಳು ಏಳುತ್ತವೆ. ಕಾಗದದಲ್ಲಿ ಇದು ಬೀಳು ಭೂಮಿ. ಚಳ್ಳಕೆರೆ ಕಡೆ ಸಾವಿರಾರು ಎಕರೆ ಕಾವಲು ಸಂಸ್ಥೆಗಳಿಗೆ, ಯೋಜನೆಗಳಿಗೆ ಹೋಯಿತು. ಉಳಿದ ಕಡೆ ಗಿಡ ನೆಟ್ಟು ಕಾಡು ಮಾಡುತ್ತೇವೆಂದು ಹೊರಡುವವರಿದ್ದಾರೆ. ಹುಲ್ಲುಗಾವಲನ್ನು ಕಾಡು ಮಾಡುವುದೂ ಒಂದು ಬಗೆಯ ನಾಶವೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ದಂಡೆ. ವೇದಾವತಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಕಡೆ 1898ರಲ್ಲಿ ಕಟ್ಟತೊಡಗಿ 1907ರಲ್ಲಿ ಮುಗಿಸಿದ ಕಲ್ಲುಗಾರೆಯ ಅಣೆ ವಾಣಿವಿಲಾಸ ಸಾಗರ. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ, ಅಂದರೆ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. ಹಿಡಿಯುವ ನೀರು ಸುಮಾರು 30 ಟಿಎಂಸಿ, ತುಂಬಿದರೆ ಮಟ್ಟ 130 ಅಡಿ. ತುಂಬುವುದೇ ಅಪರೂಪ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದನ್ನು ಮೊಮ್ಮಕ್ಕಳು ಕಣ್ಣಲ್ಲಿ ಕಂಡರು. ಜಿಲ್ಲೆಯ ಜನ ಲಾರಿ, ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಬಂದದ್ದು ನೆನಪಿದೆ. ಹೊಸದುರ್ಗದ ಹಿನ್ನೀರಿನ ಕಡೆ ತೋಟಗಳಿಗೆ ನೀರು ನುಗ್ಗಿ ಅಲ್ಲಿನವರು ಕಷ್ಟಪಟ್ಟದ್ದೂ ನೆನಪಿದೆ. 2025ರ ಜನವರಿಯಲ್ಲಿ ಮೂರನೇ ಬಾರಿ ಕೋಡಿ ಬಿತ್ತು. ಮಳೆಯ ಜೊತೆಗೆ ಭದ್ರೆಯ ನೀರೂ ಹರಿದು ಬರುತ್ತಿರುವುದು ಇದಕ್ಕೆ ಕಾರಣ.

ಇಷ್ಟು ದೊಡ್ಡ ನೀರಿದ್ದೂ ಇಲ್ಲಿ ಮರಳ ದಂಡೆಯೇಕಿಲ್ಲ? ಮರಳ ದಂಡೆಯನ್ನು ಮಾಡುವುದು ಅಲೆ. ಅದು ಒಂದೇ ಮಟ್ಟದಲ್ಲಿ ಸಾವಿರಾರು ವರ್ಷ ಬಡಿಯುತ್ತ ಸಣ್ಣ ಕಣವನ್ನು ಒಳಗೆಳೆದು, ದಪ್ಪ ಕಣವನ್ನು ದಡಕ್ಕೆ ಬಿಡಬೇಕು. ಇಲ್ಲಿ ಅಲೆಯೂ ಸಣ್ಣದು, ನೀರಿನ ಅಂಚೂ ಒಂದು ಕಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಇಳಿದು, ಮಳೆಗಾಲದಲ್ಲಿ ಏರಿ, ಬರದ ವರ್ಷಗಳಲ್ಲಿ ಎಲ್ಲೋ ಕೆಳಗೆ ಹೋಗಿ ಕೂರುತ್ತದೆ. ಅದಕ್ಕೇ ಇಲ್ಲಿನ ದಂಡೆ ಹೂಳು ಮತ್ತು ಚೂಪು ಕಲ್ಲುಗಳದ್ದು. ಕಾಲು ಇಳಿಬಿಟ್ಟು ಆಡುವಂಥದ್ದೂ ಅಲ್ಲ. ಕಡಲ ದಂಡೆ ಮೆಲ್ಲಗೆ ಇಳಿಯುತ್ತದೆ. ಗುಡ್ಡದ ಸಂದಿಗೆ ತುಂಬಿದ ನೀರು ಎರಡು ಹೆಜ್ಜೆಗೆ ಆಳಕ್ಕೆ ಹೋಗಬಹುದು, ಹೂಳು ಕಾಲನ್ನು ಕಚ್ಚಿ ಹಿಡಿಯಬಹುದು. ಮಧ್ಯಾಹ್ನದ ಹೊತ್ತು ನೀರಿನ ಕಡೆಯಿಂದ ಬರುವ ತಂಪು ಗಾಳಿಯನ್ನು ದಡದಲ್ಲಿ ಕೂತೇ ಅನುಭವಿಸಬಹುದು. ಕಲ್ಲುನೆಲ ಬೇಗ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ, ತಡವಾಗಿ ಕಾಯುವ ನೀರಿನ ಮೇಲಿನ ಗಾಳಿ ಆ ಜಾಗಕ್ಕೆ ಸರಿಯುತ್ತದೆ. ಮಂಗಳೂರಿನ ಕಡಲಗಾಳಿಯೂ ಇದೇ, ಪ್ರಮಾಣ ದೊಡ್ಡದು ಅಷ್ಟೆ.

ನಿಜವಾದ ಕಡಲು ಬೇಕೆಂದರೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಐಮಂಗಲದ ಸಮೀಪ ಮರಡಿಹಳ್ಳಿಗೆ ತಿರುಗಬೇಕು. ಅಲ್ಲಿನ ಬಂಡೆ ಒಂದರ ಮೇಲೊಂದು ಒಟ್ಟಿದ ದಿಂಬುಗಳ ಹಾಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1976ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಕುದಿಯುವ ಬೆಲ್ಲದ ಪಾಕವನ್ನು ತಣ್ಣೀರಿಗೆ ಬಿಟ್ಟು ಹದ ನೋಡುವಾಗ ಹೊರಗೆ ಸಿಪ್ಪೆ ಕಟ್ಟಿ ಒಳಗೆ ಮೆತ್ತಗೆ ಉಳಿಯುವುದಿಲ್ಲವೇ? ಕಡಲ ತಳದಲ್ಲಿ ಉಕ್ಕಿದ ಲಾವಾಕ್ಕೂ ಅದೇ ಆಗುತ್ತದೆ. ಹೊರಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗಿನ ದ್ರವ ಅದನ್ನು ಸೀಳಿ ಪಕ್ಕದಲ್ಲಿ ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಬಯಲಲ್ಲಿ ಹರಿದ ಲಾವಾ ಹೀಗೆ ದಿಂಬು ಕಟ್ಟುವುದಿಲ್ಲ. ಅಂದರೆ 250 ಕೋಟಿ ವರ್ಷಕ್ಕೂ ಹಿಂದೆ ಮರಡಿಹಳ್ಳಿಯ ಮೇಲೆ ನೀರಿತ್ತು. ಮಕ್ಕಳಿಗೆ ಇಲ್ಲೊಂದು ಕೆಲಸ ಕೊಡಬಹುದು. ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಅದನ್ನು ನೋಡಿ ಆ ಕಾಲದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ಹುಡುಕುವುದು. ಭೂವಿಜ್ಞಾನಿಗಳು ಮಾಡುವುದೂ ಅದನ್ನೇ. ಸುತ್ತಿಗೆ ಮಾತ್ರ ಒಯ್ಯಬಾರದು.

ಇಲ್ಲಿನ ಶಿಲಾಸ್ತರಗಳಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರುಗಳೂ ನಮ್ಮ ಊರುಗಳವೇ: ವಾಣಿವಿಲಾಸ, ಇಂಗಳದಾಳು, ಹಿರಿಯೂರು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹೆಸರಿನಲ್ಲಿ ಉರುಟು ಕಲ್ಲುಗಳು ಬೆಸೆದುಕೊಂಡ ಶಿಲೆಯ ಪದರವೊಂದಿದೆ. ಮಾರಿಕಣಿವೆ, ಭೀಮಸಮುದ್ರದ ಕಡೆಯ ಸುಣ್ಣಶಿಲೆಗಳಲ್ಲಿ ಪದರ ಪದರವಾದ ಗುಮ್ಮಟದಂಥ ಗುರುತುಗಳು ಸಿಕ್ಕಿವೆ. ಆಳವಿಲ್ಲದ, ಬೆಳಕು ಬೀಳುವ ಕಡಲಂಚಿನಲ್ಲಿ ಸೂಕ್ಷ್ಮಜೀವಿಗಳು ಚಾಪೆಯಂತೆ ಹರಡಿ ಬೆಳೆದ ಕುರುಹು ಅದು. ಆಗ ಮೀನಿರಲಿಲ್ಲ, ಹುಲ್ಲಿರಲಿಲ್ಲ. ಹೂವಂತೂ ಬಂದದ್ದು ಸುಮಾರು 13 ಕೋಟಿ ವರ್ಷಗಳ ಈಚೆಗೆ. ಗಾಳಿಯಲ್ಲಿ ನಾವು ಉಸಿರಾಡುವಷ್ಟು ಆಮ್ಲಜನಕವೂ ಇರಲಿಲ್ಲ. ಕಡಲಿನ ನೀರಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಅಂಥ ಸೂಕ್ಷ್ಮಜೀವಿಗಳು ಬಿಸಿಲು ಹೀರಿ ಬಿಟ್ಟ ಆಮ್ಲಜನಕ ಆ ಕಬ್ಬಿಣಕ್ಕೆ ತಾಗಿ, ತುಕ್ಕಾಗಿ ತಳಕ್ಕೆ ಇಳಿಯಿತು, ಪದರ ಕಟ್ಟಿತು ಎಂಬುದು ಇಲ್ಲಿ ಅಗೆಯುವಂಥ ಕಬ್ಬಿಣದ ಅದಿರಿನ ಹುಟ್ಟಿಗೆ ಹೆಚ್ಚು ಮಂದಿ ಒಪ್ಪುವ ವಿವರಣೆ. ಭೀಮಸಮುದ್ರದ ದಾರಿಯಲ್ಲಿ ಅದಿರಿನ ಲಾರಿ ಹಿಂದೆ ಸಿಕ್ಕಿಕೊಂಡು, ಕೆಂಧೂಳಿಗೆ ಗಾಜು ಏರಿಸಿ, ಮುಂದೆ ಹೋಗಲು ದಾರಿಯಿಲ್ಲದೆ ಗೊಣಗುವಾಗ ಹಿಂದಿನ ಸೀಟಿನ ಮಕ್ಕಳಿಗೆ ಹೇಳಬಹುದು: ಆ ಲಾರಿಯಲ್ಲಿ ಹೋಗುತ್ತಿರುವುದು ನಮ್ಮ ಕಡಲಿನ ತಳ.