ಸುಣ್ಣಕ್ಕೆ ಸೋತ ನಕ್ಷತ್ರಮೀನು

ಭೂಮಿಯನ್ನೇ ಗೆಲ್ಲಹೊರಟ ಸ್ಟಾರೋ ಸೋತದ್ದು ಸುಣ್ಣಕ್ಕೆ. ಅಂತರಿಕ್ಷದಿಂದ ಬಂದ ಈ ಒಕ್ಕಣ್ಣಿನ ದೈತ್ಯ ನಕ್ಷತ್ರಮೀನಿಗೆ ಮನುಷ್ಯರ ಮನಸ್ಸನ್ನು ವಶಪಡಿಸಿಕೊಳ್ಳುವ ಶಕ್ತಿಯಿತ್ತು. 1960ರಲ್ಲಿ ‘ದಿ ಬ್ರೇವ್ ಅಂಡ್ ದಿ ಬೋಲ್ಡ್’ ಕಾಮಿಕ್ಸ್‌ನ 28ನೇ ಸಂಚಿಕೆಯಲ್ಲಿ ಜಸ್ಟಿಸ್ ಲೀಗ್‌ನ ಮಹಾವೀರರು ಮೊದಲ ಸಲ ಒಟ್ಟಾಗಿ ಕಾಣಿಸಿಕೊಂಡರು. ಅವರಿಗೆ ಎದುರಾದ ವೈರಿ ಇದೇ. ಹುಲ್ಲುಹಾಸಿಗೆ ಸುಣ್ಣ ಹಾಕುತ್ತಿದ್ದ ಹುಡುಗನೊಬ್ಬನ ಮೇಲೆ ಮಾತ್ರ ಅದರ ಮಾಯೆ ನಡೆಯಲಿಲ್ಲ. ಗುಟ್ಟು ತಿಳಿದ ವೀರರು ಸ್ಟಾರೋಗೆ ಸುಣ್ಣ ಬಳಿದರು.

ಕಥೆಗಾರ ಗಾರ್ಡ್‌ನರ್ ಫಾಕ್ಸ್ ಬಳಸಿದ ಈ ಉಪಾಯ ಬರೀ ಕಲ್ಪನೆಯಲ್ಲ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಸಿಂಪಿ ಬೆಳೆಸುವವರು ನಕ್ಷತ್ರಮೀನುಗಳ ಕಾಟ ತಡೆಯಲು ಸಮುದ್ರದ ತಳಕ್ಕೆ ಸುಟ್ಟ ಸುಣ್ಣ ಸುರಿಯುತ್ತಿದ್ದರು. ಸುಣ್ಣ ತಾಗಿದ ಕಡೆ ನಕ್ಷತ್ರಮೀನಿನ ತೆಳುಚರ್ಮ ಸುಟ್ಟು ಹುಣ್ಣಾಗುತ್ತದೆ.

ಇನ್ನು ಮನಸ್ಸನ್ನು ಆಳುವ ಮಾತು. ನಿಜವಾದ ನಕ್ಷತ್ರಮೀನಿಗೆ ಮಿದುಳೇ ಇಲ್ಲ. ಬಾಯಿಯ ಸುತ್ತ ಒಂದು ನರದ ಬಳೆ, ಅಲ್ಲಿಂದ ಪ್ರತಿ ತೋಳಿಗೂ ಒಂದು ನರ, ಅಷ್ಟೇ. ಯಾವ ತೋಳಿಗೆ ಆಹಾರದ ವಾಸನೆ ಮೊದಲು ಸಿಕ್ಕಿತೋ ಅದು ಮುಂದಾಗುತ್ತದೆ, ಉಳಿದವು ಹಿಂಬಾಲಿಸುತ್ತವೆ. ಕಣ್ಣು ನಡುವಿನಲ್ಲಿಲ್ಲ, ಪ್ರತಿ ತೋಳಿನ ತುದಿಗೂ ಒಂದೊಂದಿದೆ. ಅದಕ್ಕೆ ಬಣ್ಣ ತಿಳಿಯದು, ಹತ್ತಿರದ ಹವಳದ ದಿಬ್ಬದಂಥ ದೊಡ್ಡ ಆಕಾರ ಮಾತ್ರ ಮಸುಕಾಗಿ ಕಾಣುತ್ತದೆ. ರಕ್ತವೂ ಇಲ್ಲ. ಒಳಗಿನ ಕೊಳವೆಗಳಲ್ಲಿ ಬಹುಮಟ್ಟಿಗೆ ಸಮುದ್ರದ ನೀರಿನಂಥದೇ ದ್ರವ ತುಂಬಿದ್ದು, ಅದರ ಒತ್ತಡದಿಂದ ನೂರಾರು ಪುಟ್ಟ ಕೊಳವೆಗಾಲುಗಳು ಚಲಿಸುತ್ತವೆ. ಆ ಕಾಲುಗಳಿಂದಲೇ ಅದು ಸಿಂಪಿಯಂಥ ಬೇಟೆಯ ಚಿಪ್ಪನ್ನು ಎಳೆದು ಹಿಡಿಯುತ್ತದೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ ಒಳಗೆ ತೂರಿಸಿ, ಬೇಟೆಯನ್ನು ಅಲ್ಲೇ ಜೀರ್ಣಿಸಿಕೊಳ್ಳುತ್ತದೆ.

ಇಂಥ ಹೊಟ್ಟೆಬಾಕ ಇಲ್ಲದಿದ್ದರೆ ಕಡಲಿಗೆ ಒಳ್ಳೆಯದಲ್ಲವೇ? 1963ರಲ್ಲಿ ಜೀವವಿಜ್ಞಾನಿ ರಾಬರ್ಟ್ ಪೇಯ್ನ್ ಇದನ್ನು ಪರೀಕ್ಷಿಸಲು ಹೊರಟರು. ವಾಷಿಂಗ್ಟನ್ ರಾಜ್ಯದ ಮಕಾ ಕೊಲ್ಲಿಯ ಬಂಡೆಗಳಿಂದ ಪಿಸಾಸ್ಟರ್ ಎಂಬ ನಕ್ಷತ್ರಮೀನುಗಳನ್ನು ಕಿತ್ತು ಕಿತ್ತು ದೂರ ಎಸೆದರು. ನಮ್ಮ ಕರಾವಳಿಯ ಪಚ್ಚಿಲೆಯ ಬಳಗದ ಮಸೆಲ್‌ಗಳು ಬಂಡೆಯನ್ನೆಲ್ಲ ಆಕ್ರಮಿಸುತ್ತ ಹೋದವು; 15 ಪ್ರಭೇದಗಳಿದ್ದ ಜಾಗದಲ್ಲಿ 8 ಉಳಿದವು. ಪೇಯ್ನ್ 1969ರಲ್ಲಿ ಮುಂದಿಟ್ಟ ‘ಕೀಸ್ಟೋನ್ ಪ್ರಭೇದ’ ಎಂಬ ಪರಿಕಲ್ಪನೆಯ ಬೇರು ಇಲ್ಲಿದೆ: ಒಂದು ಪ್ರಾಣಿ ಹೋದರೆ ಇಡೀ ಸಮುದಾಯವೇ ಕುಸಿಯಬಹುದು.

ಆ ಪಾಠ 2013ರಿಂದೀಚೆಗೆ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಕ್ಷತ್ರಮೀನುಗಳು ತೋಳು ಕಳಚಿ, ಕರಗಿ ಸತ್ತವು. ಸೂರ್ಯಕಾಂತಿ ನಕ್ಷತ್ರಮೀನು ಶೇ 90ಕ್ಕೂ ಹೆಚ್ಚು ಇಲ್ಲವಾಯಿತು. ಅದು ತಿನ್ನುತ್ತಿದ್ದ ಕಡಲ ಮುಳ್ಳುಚೆಂಡುಗಳು ಹೆಚ್ಚಿ, ಉತ್ತರ ಕ್ಯಾಲಿಫೋರ್ನಿಯಾದ ಕೆಲ್ಪ್ ಪಾಚಿಯ ಕಾಡುಗಳನ್ನು ಮೇಯ್ದು ಬರಿದು ಮಾಡಿದವು. ಬಿಸಿಯೇರಿದ ನೀರೂ ಇದಕ್ಕೆ ಜೊತೆಯಾಯಿತು. ಸೂರ್ಯಕಾಂತಿಯನ್ನು ಕೊಲ್ಲುತ್ತಿರುವುದು ವಿಬ್ರಿಯೊ ಗುಂಪಿನ ಬ್ಯಾಕ್ಟೀರಿಯಾ ಎಂದು 2025ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಒಂದು ಕಾಲಕ್ಕೆ ಸುಣ್ಣ ಸುರಿದು ಕೊಂದ ಜೀವಿವರ್ಗ ಇದು. ಈಗ ವಾಷಿಂಗ್ಟನ್ ವಿಶ್ವವಿದ್ಯಾಲಯದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ ಸೂರ್ಯಕಾಂತಿಯ ಮರಿಗಳನ್ನು ತೊಟ್ಟಿಗಳಲ್ಲಿ ಸಾಕಿ ಬೆಳೆಸುತ್ತಿದ್ದಾರೆ.