ರೊಟ್ಟಿ, ಬೇಳೆ, ಮೊಟ್ಟೆ: ಮೊಹಲ್ಲಾ ಮತ್ತು ವಿಶ್ವವಿದ್ಯಾಲಯ ಜೊತೆಯಾದರೆ

ಹಲಾಲ್ ಆಹಾರದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎಚ್ಚರ ಬಹಳ. ಮಾಂಸ ಎಲ್ಲಿಂದ ಬಂತು ಎಂದು ವಿಚಾರಿಸದೆ ಪಾತ್ರೆ ಒಲೆಗೇರುವುದಿಲ್ಲ. ಆದರೆ ಜುಮಾ ಖುತ್ಬಾಗಳಲ್ಲಿ ಹಲಾಲ್ ಪದದ ಜೊತೆಯಲ್ಲೇ ಕೇಳಿಬರುವ ‘ತಯ್ಯಿಬ್’ ಎಂಬ ಪದವನ್ನು, ಅಂದರೆ ಶುದ್ಧವೂ ದೇಹಕ್ಕೆ ಹಿತವೂ ಆದ ಆಹಾರ ಎಂಬುದನ್ನು, ನಾವು ಬೇಗ ದಾಟಿಬಿಡುತ್ತೇವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಚಿಕ್ಕ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆಯಿದೆ. ಶಹಾಬಾದಿನ ಕಲ್ಲು ಕೆಲಸದವರ ಮನೆಯಾಗಲಿ, ವಾಡಿಯ ಸಿಮೆಂಟ್ ಕಾರ್ಮಿಕರ ಮನೆಯಾಗಲಿ, ಬೆಳಗಿನ ತಿಂಡಿ ಎಂದರೆ ಚಹಾ ಮತ್ತು ಪಾವ್ ಆಗಿಬಿಟ್ಟರೆ ಮಕ್ಕಳು ಈ ಲೆಕ್ಕದಿಂದ ಹೊರಗುಳಿಯುವುದು ಕಷ್ಟ.

ಇದಕ್ಕೆ ವಿಶ್ವವಿದ್ಯಾಲಯ ಏನು ಮಾಡಬಲ್ಲದು? ನಮ್ಮ ಪಕ್ಕದ ಯಾದಗಿರಿಯಲ್ಲೇ ಒಂದು ಉದಾಹರಣೆ ಇದೆ. 2021ರ ಡಿಸೆಂಬರ್‌ನಲ್ಲಿ ಸರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿತು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೂ ವಿರೋಧ ಬಂತು, ಚರ್ಚೆ ಕಾವೇರಿತು. ಆಗ ಗದಗಿನ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ, ಇನ್ನೂ ಸಿಗದಿದ್ದ ಗದಗಿನ ಮಕ್ಕಳನ್ನೂ ತೂಗಿ, ಅಳೆದು ಹೋಲಿಸಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಚೆನ್ನಾಗಿ ಏರಿತ್ತು. ಎರಡು ಜಿಲ್ಲೆಗಳ ಹೋಲಿಕೆಯಿಂದ ಎಲ್ಲವೂ ಸಾಬೀತಾಗುವುದಿಲ್ಲ, ನಿಜ. ಆದರೆ ವಾದವಿವಾದದ ನಡುವೆ ತೂಕದ ಯಂತ್ರವನ್ನು ತಂದಿಟ್ಟದ್ದೇ ದೊಡ್ಡ ಉಪಕಾರ. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಇದರಿಂದ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನಕ್ಕೆ ಏರಿತು.

ಇನ್ನೊಂದು ಉದಾಹರಣೆ ಸಿರಿಧಾನ್ಯದ್ದು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಅಕ್ಷಯಪಾತ್ರದ ಜೊತೆಗೂಡಿ ಬೆಂಗಳೂರಿನ ಆಸುಪಾಸಿನ ಶಾಲೆಗಳಲ್ಲಿ ಸುಮಾರು 1,500 ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಅನ್ನದ ಬದಲು ರಾಗಿ ಇಡ್ಲಿ, ಸಿರಿಧಾನ್ಯದ ಬಿಸಿಬೇಳೆಬಾತ್ ಇತ್ಯಾದಿ ತಿಂದ ಮಕ್ಕಳ ಬೆಳವಣಿಗೆ ಮೂರು ತಿಂಗಳಲ್ಲೇ ಉತ್ತಮವಾಯಿತು. ರುಚಿ ಹೇಗಿದೆ ಎಂದು ಮಕ್ಕಳನ್ನೇ ಕೇಳಿದ್ದರು ಎಂಬುದು ನಮಗೆ ಇದರಲ್ಲಿ ಹೆಚ್ಚು ಹಿಡಿಸಿದ ಸಂಗತಿ. ತಿನ್ನುವವರನ್ನು ಕೇಳದೆ ಮಾಡಿದ ಪೌಷ್ಟಿಕ ಆಹಾರ ಕೊನೆಗೆ ಎಮ್ಮೆಗೇ ಹೋಗುತ್ತದೆ.

ನಮ್ಮ ಸೀಮೆಗೆ ಹೊಸ ಆಹಾರ ಕಲಿಸಬೇಕಾಗಿಯೇ ಇಲ್ಲ. ಸೇಡಂ, ಚಿತ್ತಾಪುರದ ಕಪ್ಪು ಮಣ್ಣಿನಲ್ಲಿ ಜೋಳ, ಚಿಂಚೋಳಿ ಕಡೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ರೊಟ್ಟಿ ಮತ್ತು ಖಟ್ಟಾ ದಾಲ್ ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ದಾದಿ-ನಾನಿಯರಿಗೆ ಲೈಸೀನ್ ಹೆಸರು ಗೊತ್ತಿರಲಿಲ್ಲ, ತಟ್ಟೆ ಮಾತ್ರ ಸರಿಯಾಗಿತ್ತು. ಜೋಳದಲ್ಲಿ ಕಬ್ಬಿಣಾಂಶವಿದೆ, ಆದರೆ ಅದರಲ್ಲೇ ಇರುವ ಫೈಟೇಟ್ ಅದನ್ನು ಹಿಡಿದಿಡುತ್ತದೆ. ಊಟಕ್ಕೆ ನಿಂಬೆರಸ ಹಿಂಡಿದರೆ ದೇಹ ಕಬ್ಬಿಣವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಇದಕ್ಕೆ ತದ್ವಿರುದ್ಧ. ಚಹಾ ಬಿಡಿ ಎಂದರೆ ಈ ಪತ್ರಿಕೆಯನ್ನೇ ಬಿಡುವವರಿದ್ದಾರೆ. ಒಂದು ಗಂಟೆ ತಡಮಾಡಿ ಎಂದಷ್ಟೇ ಕೇಳುತ್ತೇವೆ.

ಕಲೇಜಿಯ ಮಾತೂ ಇದೆ. ಮಾಂಸದ ಕಬ್ಬಿಣ ಕಾಳಿನದ್ದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ, ಕಲೇಜಿಯಲ್ಲಂತೂ ಅದು ಬಹಳ. ಆದರೆ ಅನೇಕ ಮನೆಗಳಲ್ಲಿ ಅದು ಮೊದಲು ಗಂಡಸರ ತಟ್ಟೆಗೆ ಬೀಳುತ್ತದೆ. ರಕ್ತ ಕಡಿಮೆ ಇರುವುದು ಯಾರಿಗೆ ಎಂದು ಮನೆಯ ಯಜಮಾನರು ಒಮ್ಮೆ ನೋಡಬೇಕು. (ಗರ್ಭಿಣಿಯರು ಮಾತ್ರ ಕಲೇಜಿ ತಿನ್ನುವ ಮುನ್ನ ವೈದ್ಯರನ್ನು ಕೇಳಲಿ. ಅದರಲ್ಲಿರುವ ಅತಿಯಾದ ಎ ಜೀವಸತ್ವ ಮಗುವಿಗೆ ಒಳ್ಳೆಯದಲ್ಲ.)

ವಿಶ್ವವಿದ್ಯಾಲಯದ ಬಾಗಿಲು ದೂರವೇನಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರ ಕಲಬುರಗಿಯಲ್ಲೇ ಇದೆ. ಸಂಶೋಧನೆಯನ್ನು ಊರಿಗೆ ತಲುಪಿಸಿ, ತರಬೇತಿ ಮತ್ತು ಪ್ರಾತ್ಯಕ್ಷಿಕೆ ನಡೆಸುವುದೇ ಇಂಥ ಕೇಂದ್ರಗಳ ಕೆಲಸ. ಕೈತೋಟದ ತರಕಾರಿ, ಸಿರಿಧಾನ್ಯದ ಅಡುಗೆ ಇವೆಲ್ಲ ಅದರಲ್ಲಿ ಬರುತ್ತವೆ. ನುಗ್ಗೆ, ಅಂಬಾಡಾ, ಮೆಂತ್ಯ ಬೆಳೆಯಲು ಎಕರೆ ಜಮೀನು ಬೇಡ, ವಜೂಖಾನೆಯ ನೀರು ಹರಿದುಹೋಗುವ ಜಾಗವೂ ಸಾಕು. ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಾಲೇಜಿದೆ. ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಆದರೆ ಅವರಾಗಿಯೇ ಬರಲಿ ಎಂದು ಕಾಯುತ್ತ ಕೂತರೆ ಕೆಲಸವಾಗದು. ಮಸೀದಿ ಕಮಿಟಿಯೋ ಮಹಿಳಾ ಸಂಘವೋ ಪತ್ರ ಬರೆದು, ಸ್ಥಳ ಮತ್ತು ದಿನ ಗೊತ್ತುಮಾಡಿ ಕರೆಯಬೇಕು. ಹೆಂಗಸರು ಬರಬೇಕೆಂದಿದ್ದರೆ ಮಧ್ಯಾಹ್ನದ ಹೊತ್ತು ಇಡಬೇಕು, ದಖ್ನಿಯಲ್ಲಿ ಮಾತಾಡುವವರೊಬ್ಬರು ಇರಬೇಕು.

ಒಂದು ಷರತ್ತನ್ನು ಮಾತ್ರ ಮೊದಲೇ ಹಾಕಿಕೊಳ್ಳುವುದು ಲೇಸು. ಸಮೀಕ್ಷೆಯವರು ಬರುತ್ತಾರೆ, ಮಕ್ಕಳ ರಕ್ತ ತೆಗೆಯುತ್ತಾರೆ, ಫಾರಂ ತುಂಬಿಸಿಕೊಂಡು ಹೋಗುತ್ತಾರೆ, ಮತ್ತೆ ಸುದ್ದಿಯಿಲ್ಲ: ಹೀಗಾಗಬಾರದು. ಯಾವ ಪರೀಕ್ಷೆ, ಏಕೆ ಎಂದು ತಾಯಂದಿರಿಗೆ ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು. ಪ್ರತಿ ಮಗುವಿನ ಫಲಿತಾಂಶ ಚೀಟಿಯಲ್ಲಿ ಬರೆದು ಆಯಾ ಮನೆಗೆ ಮಾತ್ರ ಕೊಡಬೇಕು. ರಕ್ತ ತೀರಾ ಕಡಿಮೆಯಿದ್ದ ಮಗುವನ್ನು ಯಾವ ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದೂ ಅದರಲ್ಲಿರಬೇಕು. ಇಡೀ ಮೊಹಲ್ಲಾದ ಒಟ್ಟು ಲೆಕ್ಕವನ್ನು, ಯಾರ ಹೆಸರನ್ನೂ ಹಾಕದೆ, ಕನ್ನಡದಲ್ಲೂ ಉರ್ದುವಿನಲ್ಲೂ ಮಸೀದಿಯ ನೋಟಿಸ್ ಬೋರ್ಡಿಗೆ ಹಚ್ಚಿ, ಆರು ತಿಂಗಳ ಬಳಿಕ ಮತ್ತೆ ತೂಗಿದ ಲೆಕ್ಕವನ್ನು ಅದರ ಪಕ್ಕದಲ್ಲೇ ಹಚ್ಚಬೇಕು.